ಕರಿ ಹರಿದ ಎತ್ತು ಯಾವುದು?

ಜ್ಯೇಷ್ಠ ಮಾಸದ ಹುಣ್ಣಿವೆಗೆ ನಮ್ಮ ಒಕ್ಕಲುಮಕ್ಕಳು ಕಾರಹುಣ್ಣಿವೆಯೆಂದು ಹೆಸರಿಟ್ಟಿದ್ದಾರೆ. ರೋಣ, ನರಗುಂದ, ಗಜೇಂದ್ರಗಡಗಳ ಎರಿಭೂಮಿಯ ಸೀಮೆಯಲ್ಲಿ ಅದು ಎತ್ತುಗಳ ಹಬ್ಬ. ಅಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಮೈಮೇಲೆ ಜೂಲು ಹೊದಿಸಿ, ಸಾಯಂಕಾಲ ಊರ ಅಗಸೆಯತ್ತ ಓಡಿಸುವರು. ಅಗಸೆಗೆ ಅಡ್ಡಲಾಗಿ ಬೇವಿನ ಸೊಪ್ಪು ಮೊದಲಾದುವನ್ನು ಕಟ್ಟಿ ಬಿಗಿದ ಹಗ್ಗಕ್ಕೆ ಕರಿಯೆಂದು ಹೆಸರು. ಎಲ್ಲಕ್ಕಿಂತ ಮುಂದಾಗಿ ಓಡಿಬಂದು ಅದನ್ನು ದಾಟಿದ ಎತ್ತು ಕರಿ ಹರಿಯಿತೆಂದು ಸಾರುತ್ತಾರೆ. ಗೆದ್ದುದು ಕೆಂದೆತ್ತಾದರೆ ಮುಂಗಾರು ಬೆಳೆ ಚೆನ್ನಾಗಿ ಬರುವುದೆಂದೂ ಬಿಳಿಯೆತ್ತಾದರೆ ಹಿಂಗಾರಿನ ಜೋಳ ತುಂಬಿ ಬರುವುದೆಂದೂ ಹಿರಿಯರ ನಂಬುಗೆ.

ಆ ಸಂಜೆ ಕರಿ ಹರಿದ ಎತ್ತು ಯಾವುದೆಂಬುದನ್ನು ಊರಿನ ಚಿಕ್ಕ ಮಗುವೂ ಬಲ್ಲದು. ಇಪ್ಪತ್ತು ವರ್ಷ ಕಳೆಯಲಿ. ಅದೇ ಊರಿನ ಅಗಸೆಕಟ್ಟೆಯ ಮೇಲೆ ಕುಳಿತ ನಾಲ್ವರು ಹಿರಿಯರನ್ನು ಕೇಳಿದರೆ ನಾಲ್ಕು ಉತ್ತರಗಳು ಬಂದಾವು. ಐವತ್ತು ವರ್ಷ ಕಳೆದರೆ ಉತ್ತರ ಹೇಳುವವರೇ ಇರಲಾರರು. ಖಾಲಿ ಗಾಡಿಯ ಓಟ, ಗಾಲಿ ಉರುಳದಂತೆ ಬಿಗಿದ ಬಂಡಿಯನ್ನು ನಿಗದಿತ ಸಮಯದಲ್ಲಿ ಎಷ್ಟು ದೂರ ಎಳೆಯಬಲ್ಲವೆಂದು ಎತ್ತುಗಳನ್ನು ಪರೀಕ್ಷಿಸುವ ತೆರಬಂಡಿಯ ಪಂದ್ಯ, ಇವೆಲ್ಲವುಗಳ ಕಥೆಯೂ ಇಷ್ಟೇ. ಯಾವ ಊರಿನಲ್ಲಿ ಮೊದಲು ನಡೆಯಿತು? ಯಾರು ಮೊದಲು ಗೆದ್ದರು? ಗಾಡಿ ಹೊಡೆದವನು ಯಾರು? ಬಾಯಿಮಾತಿನ ಹೊರತು ಬೇರೆ ಆಧಾರ ಸಿಗುವುದು ಬಹಳ ಅಪರೂಪ.

ಹಳ್ಳಿಯ ಎತ್ತಿನ ಓಟಕ್ಕೂ ಇತಿಹಾಸವೇ ಎಂದು ಕೆಲವರು ನಕ್ಕಾರು. ವಿಜ್ಞಾನದ ಮಾಸಪತ್ರಿಕೆಯಲ್ಲಿ ಇದಕ್ಕೆ ಸ್ಥಳವೇಕೆಂದು ಮತ್ತೆ ಕೆಲವರು ಕೇಳಿಯಾರು. ಈ ಓಟಗಳ ಇತಿಹಾಸವನ್ನು ಸಂಗ್ರಹಿಸುವುದು ಆ ಸೀಮೆಯ ಪ್ರೌಢಶಾಲೆ ಹಾಗೂ ಕಾಲೇಜುಗಳ ವಿದ್ಯಾರ್ಥಿಗಳಿಗೆ ತಕ್ಕ ವೈಜ್ಞಾನಿಕ ಕಾರ್ಯವೆಂಬುದೂ, ಅದನ್ನು ಈಗಲೇ ಕೈಕೊಳ್ಳದಿದ್ದರೆ ಮುಂದೆ ಯಾರಿಂದಲೂ ಆಗದೆಂಬುದೂ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ಕ್ರಮವಾಗಿ ಹೇಳುತ್ತೇವೆ.

ಮೋಟಾರು ಪಂದ್ಯಗಳ ಪಾಠ

ನಮ್ಮ ಎತ್ತಿನ ಓಟದ ಪ್ರಶ್ನೆಗಳೇ ಮೋಟಾರು ಓಟದ ಇತಿಹಾಸಕಾರರನ್ನೂ ಕಾಡಿವೆ. ಇಂದು ಕೋಟಿಗಟ್ಟಲೆ ಹಣ ಸುರಿಯುವ ಆ ಕ್ರೀಡೆಯೂ ಮಣ್ಣಿನ ಮೇಲೆಯೇ ಹುಟ್ಟಿತು. ಅಮೆರಿಕದಲ್ಲಿ ಕುದುರೆಗಳಿಗಾಗಿ ಮಾಡಿದ್ದ ಮಣ್ಣಿನ ಸುತ್ತುದಾರಿಗಳಲ್ಲಿ ಮೊದಮೊದಲ ಕಾರುಗಳು ಓಡಿದುವು. ೧೯೦೧ರ ಅಕ್ಟೋಬರ್ ೧೦ರಂದು ಡೆಟ್ರಾಯಿಟ್ ನಗರದ ಸಮೀಪದ ಗ್ರಾಸ್ ಪಾಯಿಂಟ್ ಎಂಬಲ್ಲಿ ಅಂತಹ ಒಂದು ಮೈಲಿ ಸುತ್ತಿನ ಮಣ್ಣುದಾರಿಯಲ್ಲಿ ಹೆನ್ರಿ ಫೋರ್ಡನು ಆಗ ಹೆಸರುವಾಸಿಯಾಗಿದ್ದ ಅಲೆಗ್ಜಾಂಡರ್ ವಿಂಟನನನ್ನು ಹತ್ತು ಮೈಲಿಯ ಪಂದ್ಯದಲ್ಲಿ ಸೋಲಿಸಿದನು. ಅದೇ ಫೋರ್ಡನ ಮೊದಲ ಗೆಲುವು. ಆ ಗೆಲುವಿನಿಂದ ಹಣವಂತರ ಗಮನ ಅವನ ಕಡೆಗೆ ಹರಿಯಿತು; ಮರುತಿಂಗಳಲ್ಲಿಯೇ ಅವನ ಹೆಸರಿನ ಒಂದು ಕಂಪನಿ ಹುಟ್ಟಿಕೊಂಡಿತು. ದಿನ, ಸ್ಥಳ, ಎದುರಾಳಿ, ದೂರ, ಇವೆಲ್ಲ ನಮಗೆ ಇಂದು ತಿಳಿದಿರುವುದು ಅಂದು ಯಾರೋ ಬರೆದಿಟ್ಟುದರಿಂದ.

ಬರೆದಿಟ್ಟ ಮಾತ್ರಕ್ಕೆ ವಿವಾದ ಮುಗಿಯುವುದೆಂದು ತಿಳಿಯಬಾರದು. ಕಿರಿದಾದ ಮಣ್ಣಿನ ಸುತ್ತುದಾರಿಯಲ್ಲಿ ಮೋಟಾರ್ ಸೈಕಲ್ಲುಗಳನ್ನು ಓಡಿಸುವ ಸ್ಪೀಡ್‌ವೇ ಎಂಬ ಆಟದ ಹುಟ್ಟನ್ನು ನೋಡಿರಿ. ಆಸ್ಟ್ರೇಲಿಯದ ವೆಸ್ಟ್ ಮೇಟ್‌ಲೆಂಡಿನಲ್ಲಿ ೧೯೨೩ರ ಡಿಸೆಂಬರ್ ೧೫ರಂದು ನಡೆದ ಪಂದ್ಯವೇ ಮೊದಲನೆಯದೆಂದು ಅನೇಕರು ಹೇಳುತ್ತಾರೆ. ಅದಕ್ಕೂ ಮುನ್ನ ಇಂತಹ ಓಟಗಳು ನಡೆದಿದ್ದುವೆಂದು ಬೇರೆಯವರು ವಾದಿಸುತ್ತಾರೆ. ಇಂಗ್ಲೆಂಡಿನಲ್ಲಿ ೧೯೨೮ರ ಫೆಬ್ರವರಿ ೧೯ರ ಹೈ ಬೀಚ್ ಪಂದ್ಯಕ್ಕೆ ಮೊದಲನೆಯದೆಂಬ ಖ್ಯಾತಿಯುಂಟು. ಆದರೆ ೧೯೨೭ರ ಮೇ ೭ರಂದೇ ಕ್ಯಾಂಬರ್ಲಿಯಲ್ಲಿ ಪಂದ್ಯ ನಡೆದಿತ್ತು. ಅಲ್ಲಿ ಮರಳಿನ ಮೇಲೆ, ಈಗಿನ ರೂಢಿಗೆ ವಿರುದ್ಧವಾದ ದಿಕ್ಕಿನಲ್ಲಿ ಓಡಿದರೆಂಬ ಕಾರಣದಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬ ಚರ್ಚೆ ಎದ್ದಿತು. ಇಲ್ಲಿ ಘಟನೆಗಳ ವಿಷಯದಲ್ಲಿ ಜಗಳವಿಲ್ಲ, ಜಗಳವಿರುವುದು ವ್ಯಾಖ್ಯೆಯಲ್ಲಿ. ಯಾವುದನ್ನು ಓಟವೆಂದು ಕರೆಯುತ್ತೇವೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳದೆ ಮೊದಲ ಓಟ ಯಾವುದೆಂದು ಕೇಳುವುದು ವ್ಯರ್ಥ.

ಗೆದ್ದವನು ಯಾರೆಂಬುದೂ ಅನೇಕ ವೇಳೆ ಗುರಿ ಮುಟ್ಟಿದ ಕ್ಷಣದಲ್ಲಿ ಇತ್ಯರ್ಥವಾಗುವುದಿಲ್ಲ. ೧೯೪೯ರ ಜೂನ್ ೧೯ರಂದು ಅಮೆರಿಕದ ಷಾರ್ಲಟ್ ಎಂಬಲ್ಲಿ ಮುಕ್ಕಾಲು ಮೈಲಿ ಸುತ್ತಿನ ಮಣ್ಣುದಾರಿಯಲ್ಲಿ ನಾಸ್ಕಾರ್ ಸಂಸ್ಥೆಯ ಹೊಸ ಪಂದ್ಯಮಾಲೆಯ ಮೊದಲ ಓಟ ನಡೆಯಿತು. ಗ್ಲೆನ್ ಡನ್ನವೇ ಎಲ್ಲರಿಗಿಂತ ಮುಂದಾಗಿ ಬಂದನು. ಆದರೆ ಅವನ ಕಾರಿನ ಹಿಂದಿನ ಸ್ಪ್ರಿಂಗುಗಳನ್ನು ನಿಯಮಕ್ಕೆ ವಿರುದ್ಧವಾಗಿ ಮಾರ್ಪಡಿಸಿದ್ದುದು ತಪಾಸಣೆಯಲ್ಲಿ ಕಂಡುಬಂದುದರಿಂದ ಗೆಲುವು ಜಿಮ್ ರೋಪರನ ಪಾಲಾಯಿತು. ನೋಡಿದವರ ಕಣ್ಣಿನಲ್ಲಿ ಒಬ್ಬ ವಿಜಯಿ, ದಾಖಲೆಯಲ್ಲಿ ಇನ್ನೊಬ್ಬ. ಐವತ್ತು ವರ್ಷದ ಮೇಲೆ ನೋಡಿದವರನ್ನಷ್ಟೇ ಕೇಳಿ ಬರೆದ ಇತಿಹಾಸ ಎಂತಹದಾದೀತೆಂದು ವಾಚಕರೇ ಊಹಿಸಬಹುದು.

ಇವೆಲ್ಲಕ್ಕಿಂತ ಮನಮುಟ್ಟುವ ಪ್ರಸಂಗ ವೆಂಡೆಲ್ ಸ್ಕಾಟನದು. ೧೯೬೩ರ ಡಿಸೆಂಬರ್ ೧ರಂದು ಜಾಕ್ಸನ್‌ವಿಲ್ಲಿನ ಅರ್ಧ ಮೈಲಿ ಸುತ್ತಿನ ಮಣ್ಣುದಾರಿಯಲ್ಲಿ ಈ ಕರಿಯ ಚಾಲಕನು ಎಲ್ಲರನ್ನೂ ಹಿಂದೆ ಹಾಕಿದನು. ಆದರೆ ವಿಜಯದ ಬಾವುಟ ಬೀಸಿದುದು ಬಕ್ ಬೇಕರ್ ಎಂಬ ಬಿಳಿಯನಿಗೆ. ಪಾರಿತೋಷಕವನ್ನು ಪಡೆದವನೂ ಅವನೇ. ಸುತ್ತುಗಳ ಲೆಕ್ಕವನ್ನು ಮತ್ತೊಮ್ಮೆ ಪರಿಶೀಲಿಸಿದಾಗ ಸ್ಕಾಟನು ಎರಡು ಸುತ್ತು ಮುಂದಿದ್ದನೆಂಬುದು ಹೊರಬಿದ್ದಿತು. ಕೆಲವು ತಾಸುಗಳ ಅನಂತರ, ಜನರೆಲ್ಲ ಚದರಿಹೋದ ಮೇಲೆ, ಅವನೇ ಗೆದ್ದವನೆಂದು ಒಪ್ಪಿಕೊಂಡರು. ಆ ಶ್ರೇಣಿಯ ಪಂದ್ಯದಲ್ಲಿ ಗೆದ್ದ ಮೊದಲ ಕರಿಯನು ಅವನು. ಅದೇ ಅವನ ಮೊದಲ ಗೆಲುವು, ಏಕಮಾತ್ರ ಗೆಲುವು ಕೂಡ. ೧೯೯೦ರಲ್ಲಿ ಸ್ಕಾಟನು ತೀರಿಕೊಂಡನು. ಆ ಗೆಲುವಿನ ಪಾರಿತೋಷಕವನ್ನು ಸಂಸ್ಥೆಯು ಅವನ ಕುಟುಂಬಕ್ಕೆ ಒಪ್ಪಿಸಿದುದು ೨೦೨೧ರಲ್ಲಿ. ಸುತ್ತುಗಳನ್ನೆಣಿಸಿದ ಲೆಕ್ಕ ಅಂದು ಇಲ್ಲದೆ ಹೋಗಿದ್ದರೆ ಆ ಮನುಷ್ಯನಿಗೆ ಸಲ್ಲಬೇಕಾದುದು ಎಂದಿಗೂ ಸಲ್ಲುತ್ತಿರಲಿಲ್ಲ. ಆಟದ ದಾಖಲೆಯಲ್ಲಿ ನ್ಯಾಯದ ಪ್ರಶ್ನೆಯೂ ಅಡಗಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹೆಸರು ಯಾರದು?

ಇದೇ ಪ್ರಶ್ನೆಯನ್ನು ನಮ್ಮ ಸೀಮೆಗೆ ತಂದು ಹಾಕಿ ನೋಡೋಣ. ಗಾಡಿ ಓಟದ ಬಹುಮಾನವನ್ನು ಸಾರುವಾಗ ಹೆಸರು ಕೇಳಿಬರುವುದು ಸಾಮಾನ್ಯವಾಗಿ ಎತ್ತಿನ ಒಡೆಯನದು. ಎತ್ತಿಗೆ ಹುರುಳಿ ಬೇಯಿಸಿ ಹಾಕಿ, ಮೈ ತಿಕ್ಕಿ, ದಿನವೂ ನಸುಕಿನಲ್ಲಿ ನಡೆಯಿಸಿ, ಪಂದ್ಯದ ದಿನ ಹಗ್ಗ ಹಿಡಿದು ಓಡಿದ ಆಳುಮಗನ ಹೆಸರು ಎಲ್ಲಿ? ಮೋಟಾರು ಪಂದ್ಯದಲ್ಲಿ ಕಾರಿನ ಒಡೆಯನನ್ನು ಮರೆತು ಚಾಲಕನನ್ನು ನೆನೆಯುತ್ತಾರೆ. ನಮ್ಮಲ್ಲಿ ಚಾಲಕನನ್ನು ಮರೆತು ಒಡೆಯನನ್ನು ನೆನೆಯುವ ರೂಢಿ ಬಿದ್ದಿದೆ. ಈ ಅನ್ಯಾಯವನ್ನು ಸರಿಪಡಿಸುವ ಉಪಾಯ ಒಂದೇ ಒಂದು. ಬದುಕಿರುವವರನ್ನು ಕೇಳಿ, ಆ ಹೆಸರುಗಳನ್ನು ಬರೆದುಕೊಳ್ಳಬೇಕು.

ಪಶುವಿನ ಹೆಸರನ್ನು ಉಳಿಸುವುದು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಕ್ರಿಸ್ತಶಕ ೯೪೯-೫೦ರ ಕಾಲದ ಆತಕೂರಿನ ಶಾಸನದಲ್ಲಿ ಕಾಳಿಯೆಂಬ ನಾಯಿಯೊಂದು ಕಾಡುಹಂದಿಯೊಡನೆ ಹೋರಾಡಿ ಮಡಿದ ಸಂಗತಿಯನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಸಾವಿರ ವರ್ಷಕ್ಕೂ ಮಿಗಿಲಾಗಿ ಆ ನಾಯಿಯ ಹೆಸರು ಉಳಿದುಬಂದಿದೆ. ರೋಣದ ಸೀಮೆಯೂ ಶಾಸನಗಳಿಗೆ ಬಡವಲ್ಲ. ಸೂಡಿಯ ಕಲ್ಲುಗಳನ್ನು ಓದಿದವರಿಗೆ ಇದು ಗೊತ್ತು. ಸಾವಿರ ವರ್ಷದ ಹಿಂದೆ ಒಂದು ಬೇಟೆನಾಯಿಗೆ ದೊರೆತ ಗೌರವ ನಮ್ಮ ಕಾಲದ ಎತ್ತಿಗೂ ಅದರ ಹಗ್ಗ ಹಿಡಿದವನಿಗೂ ದೊರೆಯಬಾರದೇಕೆ?

ನೆನಪಿಗೆ ತಾರೀಖು ಹಚ್ಚುವ ಬಗೆ

ಹಿರಿಯರ ನೆನಪು ಸುಳ್ಳೆಂದು ತಳ್ಳಿಹಾಕುವುದು ಅವಿವೇಕ. ಅದನ್ನು ಹಾಗೆಯೇ ನಿಜವೆಂದು ನುಂಗುವುದು ಇನ್ನೊಂದು ಅವಿವೇಕ. ಭೂವಿಜ್ಞಾನಿಯು ಬಂಡೆಯ ಪದರಗಳನ್ನು ನೋಡಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡುವಂತೆ ನೆನಪುಗಳನ್ನೂ ಪದರಪದರವಾಗಿ ಜೋಡಿಸಬೇಕು. ಇದಕ್ಕೆ ಗೂಟಗಳಂತೆ ನೆಟ್ಟುನಿಂತ ಘಟನೆಗಳು ಬೇಕು. ಆ ಸೀಮೆಯಲ್ಲಿ ಅಂತಹವು ಬೇಕಾದಷ್ಟಿವೆ: ೧೯೫೬ರ ನವೆಂಬರ್ ೧ರ ಏಕೀಕರಣ, ೧೯೭೨ರ ಸುಮಾರಿನ ಬರಗಾಲ, ೧೯೮೦ರ ಜುಲೈ ೨೧ರ ನರಗುಂದದ ರೈತ ಬಂಡಾಯ, ಗದಗು ಜಿಲ್ಲೆಯಾದ ೧೯೯೭, ಮಲಪ್ರಭೆಯೂ ಬೆಣ್ಣೆಹಳ್ಳವೂ ಉಕ್ಕಿ ಹರಿದ ೨೦೦೯ರ ನೆರೆ. ಬಂಡಾಯದ ವರ್ಷ ನಮ್ಮ ಎತ್ತು ಕರಿ ಹರಿದಿತ್ತೆಂದು ಒಬ್ಬರು ಹೇಳಿದರೆ ೧೯೮೦ ಎಂದು ಬರೆದುಕೊಳ್ಳಬಹುದು. ಆದರೆ ಅಷ್ಟಕ್ಕೇ ನಿಲ್ಲಬಾರದು. ಗುಂಡು ಹಾರಿದುದು ಜುಲೈಯಲ್ಲಿ. ಕಾರಹುಣ್ಣಿವೆ ಸಾಮಾನ್ಯವಾಗಿ ಬರುವುದು ಜೂನಿನಲ್ಲಿ. ಆದುದರಿಂದ ಕರಿ ಹರಿದುದು ಬಂಡಾಯದ ಮೊದಲೋ ಆಮೇಲೋ ಎಂದು ಕೇಳಬೇಕು. ಆಮೇಲೆ ಎಂದರೆ ಆ ಹುಣ್ಣಿವೆ ೧೯೮೧ರದಾಗುತ್ತದೆ. ಇನ್ನು ಮುತ್ತಜ್ಜನ ಕಾಲದ ಕಥೆಯಲ್ಲಿ ನರಗುಂದದ ಬಂಡಾಯವೆಂದು ಬಂದರೆ ಅದು ೧೮೫೮ರಲ್ಲಿ ಬಾಬಾಸಾಹೇಬನು ಎದ್ದ ಬಂಡಾಯವಾಗಿರಬಹುದೆಂಬುದನ್ನೂ ಮರೆಯಬಾರದು.

ಸಂವತ್ಸರದ ಹೆಸರು ಹೇಳುವ ಹಿರಿಯರು ಇನ್ನೂ ಇದ್ದಾರೆ. ಇದು ಬಹಳ ಉಪಯುಕ್ತ. ಅಷ್ಟೇ ಮೋಸಕರವೂ ಹೌದು. ಅರುವತ್ತು ಸಂವತ್ಸರಗಳ ಚಕ್ರದಲ್ಲಿ ಒಂದೇ ಹೆಸರು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಕ್ರೋಧಿ ಸಂವತ್ಸರವೆಂದರೆ ೧೯೦೪-೦೫ ಆಗಬಹುದು, ೧೯೬೪-೬೫ ಆಗಬಹುದು, ೨೦೨೪-೨೫ ಕೂಡ ಆಗಬಹುದು. ತಂದೆಯ ಗೆಲುವು ಮಗನ ಹೆಸರಿಗೆ, ಅಜ್ಜನ ಗೆಲುವು ಮೊಮ್ಮಗನ ಹೆಸರಿಗೆ ಸರಿದುಹೋಗಲು ಇದೇ ಸಾಕು. ೨೦೧೮ರಂತೆ ಅಧಿಕ ಜ್ಯೇಷ್ಠ ಬಂದ ವರ್ಷದಲ್ಲಿ ಜ್ಯೇಷ್ಠದ ಹುಣ್ಣಿವೆಗಳೇ ಎರಡಾಗುವುವು. ಹಬ್ಬ ನಡೆಯುವುದು ನಿಜ ಜ್ಯೇಷ್ಠದಲ್ಲಿ. ಹಳೆಯ ಪಂಚಾಂಗವೊಂದನ್ನು ಪಕ್ಕದಲ್ಲಿರಿಸಿಕೊಂಡರೆ ಈ ತೊಡಕು ಬಿಡುತ್ತದೆ.

ಕಾಗದದ ಆಧಾರಗಳನ್ನು ಹುಡುಕಲು ಜಾತ್ರಾ ಸಮಿತಿಗಳ ಲೆಕ್ಕದ ಪುಸ್ತಕ, ಪಂದ್ಯದ ಕರಪತ್ರ, ಬಹುಮಾನದ ಬೆಳ್ಳಿಯ ಕಡಗ ಅಥವಾ ಡಾಲಿನ ಮೇಲಿನ ಅಕ್ಷರ, ಮನೆಯ ಗೋಡೆಗೆ ತೂಗುಹಾಕಿದ ಭಾವಚಿತ್ರ, ಹುಬ್ಬಳ್ಳಿಯಿಂದ ಹೊರಟ ಹಳೆಯ ದೈನಿಕಗಳ ಸಂಪುಟ, ಇವೆಲ್ಲವನ್ನೂ ಶೋಧಿಸಬೇಕು. ಈ ಸೀಮೆ ೧೯೫೬ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಆಮೇಲೆ ಮೈಸೂರು ರಾಜ್ಯಕ್ಕೆ, ಧಾರವಾಡ ಜಿಲ್ಲೆಗೆ. ೧೯೯೭ರಿಂದ ಗದಗು ಜಿಲ್ಲೆಗೆ. ಗಜೇಂದ್ರಗಡ ಬೇರೆಯ ತಾಲೂಕಾದುದಂತೂ ತೀರ ಈಚೆಗೆ. ಹೀಗಾಗಿ ಸರಕಾರಿ ಕಡತಗಳು ಒಂದೆಡೆ ಇಲ್ಲ. ಹುಡುಕುವವನು ಮೊದಲು ಆ ವರ್ಷದಲ್ಲಿ ಆ ಊರು ಯಾರ ಆಡಳಿತಕ್ಕೆ ಸೇರಿತ್ತೆಂಬುದನ್ನು ತಿಳಿದುಕೊಳ್ಳಬೇಕು.

ದೊರೆತ ಆಧಾರಗಳಿಗೆಲ್ಲ ಒಂದೇ ಬೆಲೆ ಕಟ್ಟಲಾಗದು. ಅದೇ ದಿನ ಬರೆದುದು ಮೊದಲ ದರ್ಜೆ. ಕಣ್ಣಾರೆ ಕಂಡವರು ಮುಂದೆ ಹೇಳಿದುದು ಎರಡನೆಯದು. ಕೇಳಿದವರು ಹೇಳಿದುದು ಮೂರನೆಯದು. ಗೆದ್ದ ಮನೆಯವರ ಮಾತಿಗಿಂತ ಸೋತ ಮನೆಯವರ ಒಪ್ಪಿಗೆಗೆ ಹೆಚ್ಚಿನ ತೂಕವುಂಟು. ಒಬ್ಬರಿಂದ ಒಬ್ಬರು ಕೇಳಿ ಹೇಳಿದ ಮೂವರ ಸಾಕ್ಷಿ ವಾಸ್ತವದಲ್ಲಿ ಒಂದೇ ಸಾಕ್ಷಿ. ಪರಸ್ಪರ ಸಂಬಂಧವಿಲ್ಲದ ಇಬ್ಬರು ಒಂದೇ ಮಾತನ್ನಾಡಿದರೆ ಅದು ನಿಜವಾಗಿ ಎರಡು.

ಗಡಿಯಾರದ ಮಾತು

ಈಗಿನ ಪಂದ್ಯಗಳಲ್ಲಿ ಕಾಲವನ್ನು ಅಳೆಯುವುದುಂಟು. ಅಳತೆಯ ಅಂಕಿ ಕಣ್ಣೆದುರಿಗಿದ್ದರೆ ಜನ ಅದಕ್ಕೆ ಬೇಗನೆ ಮಾರುಹೋಗುವರು. ಕರಾವಳಿಯ ಕಂಬಳದ ಉದಾಹರಣೆ ಎಲ್ಲರಿಗೂ ಗೊತ್ತು. ೨೦೨೦ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ೧೪೨.೫ ಮೀಟರುಗಳ ಕರೆಯನ್ನು ೧೩.೬೨ ಸೆಕೆಂಡುಗಳಲ್ಲಿ ಮುಟ್ಟಿದರೆಂದು ವರದಿಯಾಯಿತು. ತ್ರೈರಾಶಿ ಮಾಡಿದರೆ ೧೦೦ ಮೀಟರಿಗೆ ಸುಮಾರು ೯.೫೫ ಸೆಕೆಂಡು ಬರುತ್ತದೆ. ಉಸೇನ್ ಬೋಲ್ಟನು ೨೦೦೯ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ ದಾಖಲೆ ೯.೫೮. ಕೂಡಲೆ ದೇಶವೆಲ್ಲ ಕಂಬಳದ ಓಟಗಾರನು ಬೋಲ್ಟನನ್ನು ಮೀರಿಸಿದನೆಂದು ಕೊಂಡಾಡಿತು.

ಆ ಓಟಗಾರರ ಸಾಮರ್ಥ್ಯವನ್ನು ನಾವೂ ಮೆಚ್ಚುತ್ತೇವೆ. ಆದರೆ ೯.೫೫ ಎಂಬುದು ಯಾವ ಗಡಿಯಾರವೂ ತೋರಿಸಿದ ಅಂಕಿಯಲ್ಲ. ಅದು ಕಾಗದದ ಮೇಲಿನ ಭಾಗಾಕಾರ. ನಿಂತಲ್ಲಿಂದ ಹೊರಟವನ ವೇಗ ಮೊದಮೊದಲು ಕಡಮೆಯಿರುತ್ತದೆ, ಆಮೇಲೆ ಏರುತ್ತದೆ. ದೂರ ೧೦೦ ಮೀಟರಿಗಿಂತ ಹೆಚ್ಚಿದ್ದಾಗ ಆರಂಭದ ನಿಧಾನವು ಹೆಚ್ಚಿನ ದೂರದ ಮೇಲೆ ಹಂಚಿಹೋಗಿ ಸರಾಸರಿ ವೇಗ ಮೇಲೆ ಕಾಣುತ್ತದೆ. ಅಲ್ಲದೆ ಕಂಬಳದಲ್ಲಿ ಓಡುವವನನ್ನು ಕೋಣಗಳು ಸೆಳೆಯುತ್ತಿರುತ್ತವೆ. ಎರಡು ಬಗೆಯ ಓಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಕೋಣಗಳಿಗೂ ಬೋಲ್ಟನಿಗೂ ಮಾಡಿದ ಅನ್ಯಾಯ.

ಇನ್ನು ಕೈಗಡಿಯಾರದ ವಿಷಯ. ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಒಂದು ಸೆಕೆಂಡಿನ ಸುಮಾರು ಐದನೆಯ ಒಂದು ಭಾಗ ಕಳೆದುಹೋಗುತ್ತದೆ. ಸೆಕೆಂಡಿಗೆ ೧೦ ಮೀಟರು ವೇಗದಲ್ಲಿ ಬರುವ ಜೋಡಿ ಅಷ್ಟರಲ್ಲಿ ಎರಡು ಮೀಟರು ಮುಂದೆ ಸಾಗಿರುತ್ತದೆ. ಅದು ಹೆಚ್ಚುಕಡಮೆ ಒಂದು ಎತ್ತಿನ ಉದ್ದ. ಹೀಗಿರಲು ಕೈಯಿಂದ ಅಳೆದ ಕಾಲವನ್ನು ಸೆಕೆಂಡಿನ ನೂರನೆಯ ಭಾಗದವರೆಗೆ ಬರೆಯುವುದರಲ್ಲಿ ಅರ್ಥವಿಲ್ಲ. ಯಾವ ಉಪಕರಣದಿಂದ, ಯಾರು, ಎಲ್ಲಿ ನಿಂತು ಅಳೆದರೆಂಬುದನ್ನು ಅಂಕಿಯ ಪಕ್ಕದಲ್ಲಿ ಬರೆಯದ ದಾಖಲೆ ಅರ್ಧ ದಾಖಲೆ ಮಾತ್ರ.

ಎತ್ತಿನ ಬಣ್ಣವೂ ಬೆಳೆಯೂ

ಈಗ ಈ ಇತಿಹಾಸದ ಅತ್ಯಂತ ಸ್ವಾರಸ್ಯಕರವಾದ ಭಾಗಕ್ಕೆ ಬರೋಣ. ಕೆಂದೆತ್ತು ಗೆದ್ದರೆ ಮುಂಗಾರು, ಬಿಳಿಯೆತ್ತು ಗೆದ್ದರೆ ಹಿಂಗಾರು ಎಂಬ ಮಾತು ಪರೀಕ್ಷೆಗೆ ಒಳಪಡುವ ಮಾತು. ಇದನ್ನು ಮೂಢನಂಬಿಕೆಯೆಂದು ಮೂದಲಿಸುವವರೂ ಹಿರಿಯರ ಅನುಭವವೆಂದು ಸಮರ್ಥಿಸುವವರೂ ಒಂದು ದೃಷ್ಟಿಯಿಂದ ಸಮಾನರು: ಇಬ್ಬರಲ್ಲಿಯೂ ಪಟ್ಟಿಯಿಲ್ಲ. ಒಂದು ಊರಿನಲ್ಲಿ ಮೂವತ್ತು ವರ್ಷಗಳ ಕಾಲ ಕರಿ ಹರಿದ ಎತ್ತುಗಳ ಬಣ್ಣ ಗೊತ್ತಾದರೆ, ಅದೇ ವರ್ಷಗಳ ಮಳೆಯ ಅಳತೆಯೂ ಬೆಳೆಯ ಇಳುವರಿಯೂ ಸರಕಾರಿ ದಾಖಲೆಗಳಲ್ಲಿ ದೊರೆಯುತ್ತವೆ. ಎರಡನ್ನೂ ಎದುರುಬದುರಾಗಿಟ್ಟು ನೋಡಿದರಾಯಿತು. ಗೆಲುವಿನ ಇತಿಹಾಸವೇ ಇಲ್ಲಿ ಪ್ರಯೋಗದ ಸಾಮಗ್ರಿ.

ನೋಡುವಾಗ ಮಾತ್ರ ಎಚ್ಚರ ಬೇಕು. ನಾಣ್ಯ ಚಿಮ್ಮಿ ಭವಿಷ್ಯ ಹೇಳಿದರೂ ಎರಡರಲ್ಲಿ ಒಂದು ಸಲ ನಿಜವಾಗುತ್ತದೆ. ಹತ್ತು ವರ್ಷಗಳಲ್ಲಿ ಎಂಟು ಅಥವಾ ಹೆಚ್ಚು ಸಲ ನಿಜವಾಗುವ ಸಂಭವ ಅಂತಹ ನಾಣ್ಯಕ್ಕೂ ೧೦೨೪ರಲ್ಲಿ ೫೬ ಉಂಟು. ಎಂದರೆ ನೂರಕ್ಕೆ ಐದೂವರೆ. ನೂರು ಹಳ್ಳಿಗಳಲ್ಲಿ ಐದು ವರ್ಷ ಹೀಗೆ ನಾಣ್ಯ ಚಿಮ್ಮಿದರೆ ಸುಮಾರು ಮೂರು ಹಳ್ಳಿಗಳಲ್ಲಿ ಐದಕ್ಕೆ ಐದೂ ನಿಜವಾಗುವುವು. ಆ ಮೂರು ಹಳ್ಳಿಗಳ ಕೀರ್ತಿ ಜಿಲ್ಲೆಯೆಲ್ಲ ಹರಡುತ್ತದೆ. ಉಳಿದ ತೊಂಬತ್ತೇಳರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ನಿಜವಾದುದನ್ನು ನೆನೆದು ಸುಳ್ಳಾದುದನ್ನು ಮರೆಯುವುದು ಮನುಷ್ಯನ ಸ್ವಭಾವ. ಆದುದರಿಂದಲೇ ಗೆಲುವನ್ನು ಅದೇ ದಿನ, ಬೆಳೆ ಬರುವ ಮೊದಲೇ ಬರೆದಿಡಬೇಕು.

ಇನ್ನೊಂದು ಸೂಕ್ಷ್ಮವಿದೆ. ಉತ್ತರ ಕರ್ನಾಟಕದಲ್ಲಿ ಮೆಚ್ಚಿನ ತಳಿಯಾದ ಕಿಲಾರಿಯ ಬಣ್ಣ ಬಿಳಿ ಅಥವಾ ಬೂದುಬಿಳಿ. ಓಡುವ ಎತ್ತುಗಳಲ್ಲಿ ಬಿಳಿಯವೇ ಹೆಚ್ಚಾಗಿದ್ದರೆ ಗೆಲ್ಲುವುದೂ ಹೆಚ್ಚಾಗಿ ಬಿಳಿಯವೇ. ನೀರನ್ನು ಹಿಡಿದಿಡುವ ಎರಿಭೂಮಿಯಲ್ಲಿ ಹಿಂಗಾರಿನ ಜೋಳ, ಕಡಲೆ, ಕುಸುಬೆಗಳೇ ಬಲವಾದ ಬೆಳೆಗಳು. ಉದಾಹರಣೆಗಾಗಿ, ಹತ್ತರಲ್ಲಿ ಎಂಟು ವರ್ಷ ಬಿಳಿಯೆತ್ತು ಗೆಲ್ಲುವುದೆಂದೂ ಹತ್ತರಲ್ಲಿ ಏಳು ವರ್ಷ ಹಿಂಗಾರು ಮೇಲಾಗುವುದೆಂದೂ ಇಟ್ಟುಕೊಳ್ಳಿರಿ. ಎರಡಕ್ಕೂ ಯಾವ ಸಂಬಂಧವಿಲ್ಲದಿದ್ದರೂ ನೂರರಲ್ಲಿ ೫೬ ಸಲ ಬಿಳಿಯೆತ್ತೂ ಹಿಂಗಾರೂ ಕೂಡಿಬರುವುವು. ೬ ಸಲ ಕೆಂದೆತ್ತೂ ಮುಂಗಾರೂ ಕೂಡಿಬರುವುವು. ಒಟ್ಟು ೬೨ ಸಲ ಭವಿಷ್ಯ ನಿಜವಾದಂತೆ ತೋರುವುದು! ಆದುದರಿಂದ ಗೆದ್ದ ಎತ್ತಿನ ಬಣ್ಣವೊಂದೇ ಸಾಲದು. ಓಡಿದ ಎತ್ತುಗಳಲ್ಲಿ ಕೆಂಪೆಷ್ಟು, ಬಿಳಿಯೆಷ್ಟು ಎಂಬುದನ್ನೂ ಬರೆಯಬೇಕು. ಸೋತವರ ಲೆಕ್ಕವಿಲ್ಲದೆ ಗೆದ್ದವನ ಅರ್ಥ ತಿಳಿಯದೆಂಬ ಈ ತತ್ತ್ವ ಔಷಧಗಳ ಪರೀಕ್ಷೆಗೂ ಅನ್ವಯಿಸುತ್ತದೆ.

ಎತ್ತಿನ ಓಟ ಮಳೆಯನ್ನು ತರಲಾರದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೂ ಪಟ್ಟಿಯನ್ನು ಮಾಡಿರೆಂದೇ ಹೇಳುತ್ತೇವೆ. ತನಗೆ ಖಚಿತವೆನಿಸಿದುದನ್ನೂ ಪರೀಕ್ಷೆಗೆ ಒಡ್ಡುವ ಅಭ್ಯಾಸವೇ ವಿಜ್ಞಾನ. ಅಲ್ಲದೆ ಕರಿಯ ಫಲವನ್ನು ನಂಬಿ ರೈತನು ಯಾವ ಬೀಜವನ್ನು ಎಷ್ಟು ಬಿತ್ತಿದನೆಂಬುದು ಬೆಳೆಯ ಮೇಲೆ ನಿಜವಾಗಿಯೂ ಪರಿಣಾಮ ಮಾಡಬಲ್ಲದು. ಇದು ಪ್ರತ್ಯೇಕವಾಗಿ ವಿಚಾರಿಸತಕ್ಕ ವಿಷಯ.

ಎರಡು ಆಕ್ಷೇಪಗಳು

ಮೊದಲನೆಯ ಆಕ್ಷೇಪ ಪ್ರಾಣಿದಯೆಯದು. ಮುಳ್ಳುಗೋಲಿನಿಂದ ತಿವಿದು ಓಡಿಸುವ ಆಟದ ಇತಿಹಾಸ ಬರೆದು ಅದನ್ನು ಮೆರೆಯಿಸುವುದೇಕೆಂದು ಕೇಳುವವರ ಮಾತನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ೨೦೧೪ರ ಮೇ ೭ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿತು. ೨೦೧೭ರಲ್ಲಿ ಕರ್ನಾಟಕವು ಕಂಬಳಕ್ಕೂ ಗಾಡಿ ಓಟಕ್ಕೂ ಅವಕಾಶ ಕೊಡುವ ತಿದ್ದುಪಡಿಯನ್ನು ತಂದಿತು. ಅದನ್ನು ನ್ಯಾಯಾಲಯದ ಸಂವಿಧಾನಪೀಠ ೨೦೨೩ರ ಮೇ ೧೮ರಂದು ಎತ್ತಿಹಿಡಿಯಿತು. ಈ ವಾದಗಳಲ್ಲೆಲ್ಲ ಪರಂಪರೆ ಎಂಬ ಮಾತೂ ಹಿಂಸೆ ಎಂಬ ಮಾತೂ ಮೇಲಿಂದ ಮೇಲೆ ಬಂದುವು. ಎರಡಕ್ಕೂ ಬೇಕಾದುದು ದಾಖಲೆ. ಎಷ್ಟು ವರ್ಷದಿಂದ ನಡೆದಿದೆ, ಮೊದಲು ಯಾವ ನಿಯಮವಿತ್ತು, ಬಾರುಕೋಲು ಎಂದು ಬಂದಿತು, ಎಷ್ಟು ಎತ್ತುಗಳು ಬಿದ್ದುವು, ಎಷ್ಟು ಜನ ಗಾಯಗೊಂಡರು ಎಂಬುದನ್ನೆಲ್ಲ ಬರೆದ ಇತಿಹಾಸ ಯಾರ ಪಕ್ಷವನ್ನೂ ವಹಿಸದೆ ಎಲ್ಲರಿಗೂ ಉಪಯೋಗವಾಗುತ್ತದೆ. ಗಾಯವನ್ನು ಬಿಟ್ಟು ಗೆಲುವನ್ನಷ್ಟೇ ಬರೆದರೆ ಅದು ಭಟಂಗಿಯ ಹೊಗಳಿಕೆಯಾದೀತು.

ಎರಡನೆಯ ಆಕ್ಷೇಪ, ಹಳೆಯ ಗೆಲುವನ್ನು ಕೆದಕಿದರೆ ಮನೆಮನೆಗಳ ಹಳೆಯ ಹಗೆ ಏಳುವುದೆಂಬುದು. ಇದರಲ್ಲಿಯೂ ಸ್ವಲ್ಪ ಸತ್ಯವುಂಟು. ಆದರೆ ಹಗೆಯನ್ನು ಬೆಳೆಸುವುದು ಅಸ್ಪಷ್ಟತೆ. ಎರಡು ಮನೆಯವರೂ ತಾವೇ ಮೊದಲೆಂದು ಹೇಳಿದರೆ ಎರಡು ಮಾತನ್ನೂ, ಎರಡರ ಆಧಾರವನ್ನೂ ಬರೆದು ತೀರ್ಪು ಕೊಡದೆ ಬಿಡುವುದು ಇತಿಹಾಸಕಾರನಿಗೆ ಅವಮಾನವೇನೂ ಅಲ್ಲ. ಇತ್ಯರ್ಥವಾಗಿಲ್ಲ ಎಂದು ಬರೆಯುವ ಧೈರ್ಯವನ್ನು ವಿದ್ಯಾರ್ಥಿಯು ಆರಂಭದಲ್ಲಿಯೇ ಕಲಿಯಬೇಕು.

ಮಾಡತಕ್ಕ ಕೆಲಸ

ಕೆಲಸದ ಕ್ರಮ ಸುಲಭವಾದುದು. ಒಂದೊಂದು ಊರಿಗೆ ಒಂದೊಂದು ಗಟ್ಟಿ ರಟ್ಟಿನ ಪುಸ್ತಕವಿರಲಿ. ಅದರಲ್ಲಿ ತಾರೀಖು, ತಿಥಿ, ಓಟದ ಬಗೆ, ದಾರಿಯ ಉದ್ದ, ನೆಲದ ಸ್ಥಿತಿ, ಓಡಿದ ಜೋಡಿಗಳ ಸಂಖ್ಯೆ, ಎತ್ತುಗಳ ತಳಿ ಮತ್ತು ಬಣ್ಣ, ಒಡೆಯನ ಹೆಸರು, ಹೊಡೆದವನ ಹೆಸರು, ಕಾಲ ಅಳೆದ ಬಗೆ, ಗಾಯಗಳು, ಹೇಳಿದವರ ಹೆಸರು ಮತ್ತು ವಯಸ್ಸು, ಇಷ್ಟಕ್ಕೆ ಮನೆಗಳನ್ನು ಹಾಕಿರಿ. ದಾರಿಯನ್ನು ಹೆಜ್ಜೆಯಿಂದ ಎಣಿಸದೆ ಸರಪಳಿಯಿಂದಲೋ ಟೇಪಿನಿಂದಲೋ ಅಳೆಯಿರಿ. ಹಿರಿಯರ ಮಾತನ್ನು ಅವರದೇ ನುಡಿಯಲ್ಲಿ ಬರೆದುಕೊಳ್ಳಿರಿ. ಇಂದು ಬಹುತೇಕರ ಜೇಬಿನಲ್ಲಿರುವ ದೂರವಾಣಿಯೇ ಧ್ವನಿಮುದ್ರಣ ಯಂತ್ರವೂ ಹೌದು, ಅವರ ಒಪ್ಪಿಗೆ ಪಡೆದು ಅದನ್ನು ಬಳಸಿರಿ. ಪುಸ್ತಕದ ಒಂದು ಪ್ರತಿ ಶಾಲೆಯ ಗ್ರಂಥಾಲಯದಲ್ಲಿ, ಇನ್ನೊಂದು ಪಂಚಾಯತಿಯಲ್ಲಿ ಇರಲಿ. ಒಂದೇ ಪ್ರತಿಯಿದ್ದರೆ ಗೆದ್ದಲಿಗೆ ಅಷ್ಟೇ ಸಾಕು.

ಶಿಕ್ಷಕರಿಗೂ ನಮ್ಮ ಒಂದು ವಿನಂತಿ. ಸಂಖ್ಯಾಶಾಸ್ತ್ರದ ಪಾಠಕ್ಕೆ ಪಠ್ಯಪುಸ್ತಕದ ಕಲ್ಪಿತ ಅಂಕಿಗಳಿಗಿಂತ ತಮ್ಮೂರಿನ ಮೂವತ್ತು ಕಾರಹುಣ್ಣಿವೆಗಳ ಪಟ್ಟಿ ಮಕ್ಕಳಿಗೆ ಹೆಚ್ಚು ರುಚಿಸೀತು. ಚರಿತ್ರೆಯ ಶಿಕ್ಷಕರೂ ಗಣಿತದ ಶಿಕ್ಷಕರೂ ಒಟ್ಟಿಗೆ ಕುಳಿತು ಮಾಡಿಸಬಹುದಾದ ಕೆಲಸ ಇಂತಹುದು ಬೇರೊಂದಿಲ್ಲ.

ಅವಸರವೇಕೆಂದು ಕೇಳಬಹುದು. ಉಳುಮೆಯ ಕೆಲಸ ವರ್ಷವರ್ಷಕ್ಕೆ ಎತ್ತಿನಿಂದ ಟ್ರ್ಯಾಕ್ಟರಿಗೆ ಹೋಗುತ್ತಿದೆ, ಕೊಟ್ಟಿಗೆಗಳು ಬರಿದಾಗುತ್ತಿವೆ. ಏಕೀಕರಣದ ವರ್ಷದಲ್ಲಿ ಇಪ್ಪತ್ತು ವಯಸ್ಸಿನವರಾಗಿ ಗಾಡಿ ಹೊಡೆದವರು ಈಗ ತೊಂಬತ್ತನ್ನು ಸಮೀಪಿಸಿದ್ದಾರೆ ಅಥವಾ ದಾಟಿದ್ದಾರೆ. ಅವರ ಮೊದಲ ಗೆಲುವನ್ನು ಕೇಳಿ ಬರೆದುಕೊಳ್ಳಲು ನಮಗೆ ಉಳಿದಿರುವ ಕಾಲ ಕೆಲವೇ ವರ್ಷ. ಮುಂದಿನ ಕಾರಹುಣ್ಣಿವೆಗೆ ಕಾಯಬೇಕಾದ ಕಾರಣವಿಲ್ಲ. ಈ ಭಾನುವಾರವೇ ನಿಮ್ಮ ಓಣಿಯ ಅತ್ಯಂತ ಹಿರಿಯ ಗಾಡಿಕಾರನ ಮನೆಗೆ ಹೋಗಿ, ಎತ್ತಿನ ಹೆಸರಿನಿಂದ ಆರಂಭಿಸಿರಿ.